ಮೂಕಿಯ ಮೇಲೆ ನಿಂತವಳು

ಮೊದಲು ಹೇಳಿದ್ದು ಯಂತ್ರ. ಅದಕ್ಕೇನು ಬಾಯಿಲ್ಲ, ಆದರೂ ತನಗೆ ತಿಳಿದ ಹಾಗೆ ಸ್ಪಷ್ಟವಾಗಿಯೇ ಹೇಳಿತು: ಹಿಂದಿನ ತುದಿ ನೆಲ ಬಿಟ್ಟು ಮೇಲೆದ್ದಿತು. ಗುಂಡಿಯಣ್ಣ ಯಂತ್ರವನ್ನು ಬೈದ, ಮಣ್ಣನ್ನು ಬೈದ, ಕೊನೆಗೆ ಹಿಂದೆ ನಿಂತಿದ್ದ ಹೆಂಡತಿಯನ್ನೂ ಬೈದ. ಹೆಂಡತಿ ದಿನೇ ದಿನೇ ಕರಗುತ್ತಿದ್ದಾಳೆ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಅವನ ತಲೆಗೆ ಹೊಳೆಯಿತು. ಅಷ್ಟು ಬುದ್ಧಿವಂತ ಮಹರಾಯ.

ಅವನ ನಿಜವಾದ ಹೆಸರು ಹೇಳಿದರೆ ಬೀದಿಯಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ಗುಂಡಿ ತೋಡುವವನು, ಹಾಗಾಗಿ ಗುಂಡಿಯಣ್ಣ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವಂಥ ಪುಟ್ಟ ಯಂತ್ರ ಅವನದು. ಎರಡು ಚಕ್ರ, ಅಗಲಿಸಿ ಊರುವ ಎರಡು ಕಾಲು, ಪೆಟ್ರೋಲ್ ಇಂಜಿನ್, ಒಂದು ಸೀಟು, ಕೈಗೆಟುಕುವ ನಾಲ್ಕು ಲಿವರು. ಮುಂದೆ ಮಡಚಿ ಚಾಚುವ ಕಬ್ಬಿಣದ ಕೈ, ಅದರ ತುದಿಗೆ ಹಲ್ಲಿನ ಬಕೆಟ್. ಸೀಟಿನ ಹಿಂಭಾಗದಲ್ಲಿ ಕಾರಿಗೆ ಸಿಕ್ಕಿಸುವ ಉದ್ದನೆಯ ಕಂಬಿ. ಎತ್ತಿನ ಗಾಡಿಗಿರುವಂತೆ ಇದಕ್ಕೂ ಆ ಮನೆಯಲ್ಲಿ ಮೂಕಿ ಎಂದೇ ಹೆಸರು. ದೊಡ್ಡ ಯಂತ್ರಗಳು ನುಗ್ಗಲಾರದ ಸಂದಿಗಳಲ್ಲಿ, ಹಿತ್ತಿಲುಗಳಲ್ಲಿ ಇದು ನುಸುಳಿಕೊಂಡು ಹೋಗುತ್ತಿತ್ತು. ಕೆಲಸಕ್ಕೆ ಬರವಿರಲಿಲ್ಲ.

ಕೊಂಡಾಗ ಅದು ಆರಡಿ ಮಾತ್ರ ತೋಡುತ್ತಿತ್ತು. ಪಾಯಿಖಾನೆಯ ಗುಂಡಿಗೆ ಎಂಟಡಿಯಾದರೂ ಬೇಕು. ಇದ್ದುದರಲ್ಲಿ ಸುಮ್ಮನಿರುವ ಆಸಾಮಿಯಲ್ಲ ಗುಂಡಿಯಣ್ಣ. ಯಂತ್ರದ ಕೈಯನ್ನು ನಡುವೆ ಕತ್ತರಿಸಿ, ಎರಡಡಿ ಕಬ್ಬಿಣ ಸೇರಿಸಿ, ತಾನೇ ವೆಲ್ಡಿಂಗ್ ಮಾಡಿದ. ಎಣ್ಣೆಯ ಪೈಪುಗಳನ್ನು ಉದ್ದ ಮಾಡಿಸಿದ. ಮೊದಲ ದಿನವೇ, ಒದ್ದೆ ಮಣ್ಣು ತುಂಬಿದ ಬಕೆಟ್ ಎತ್ತುವಾಗ, ಯಂತ್ರ ಮುಂದಕ್ಕೆ ಮುಗ್ಗರಿಸಿ ಮೂಕಿ ಮೊಣಕಾಲೆತ್ತರಕ್ಕೆ ಎದ್ದಿತು. ಬುತ್ತಿ ತಂದಿದ್ದ ಹೆಂಡತಿ ಡಬ್ಬಿಯನ್ನು ಗೋಡೆಯ ಮೇಲಿಟ್ಟು, ಹೋಗಿ ಮೂಕಿಯ ತುದಿಯ ಮೇಲೆ ನಿಂತಳು. ಯಂತ್ರ ತೆಪ್ಪಗೆ ಕೂತಿತು.

"ಹಾಂ, ಅಲ್ಲೇ ಇರು," ಎಂದ ಅವನು.

ಅವಳು ಒಂಬತ್ತು ವರ್ಷ ಅಲ್ಲೇ ಇದ್ದಳು.

ಅವಳ ತೂಕವನ್ನು ಗುಜರಿ ಅಂಗಡಿಯ ನೆಲದ ತಕ್ಕಡಿಯಲ್ಲಿ ನೋಡಿಸಿದ್ದ. ಅರವತ್ತೆರಡು ಕಿಲೋ. ಹೊಸ ಬಿಡಿಭಾಗದ ಅಳತೆ ಬರೆದಿಡುವವರಂತೆ ಅದನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇಟ್ಟಿದ್ದ. ಅಲ್ಲಿ ಒಂದು ಕಬ್ಬಿಣದ ತುಂಡು ಕಟ್ಟಬಾರದೇ ಎಂದು ಕೆಲಸ ಕೊಟ್ಟವರು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಕಬ್ಬಿಣ ತಾನಾಗೇ ಇಳಿದು ಕಾರಲ್ಲಿ ಕೂತ್ಕೊಳ್ಳುತ್ತಾ? ಮಧ್ಯಾಹ್ನ ಊಟ ಬಡಿಸುತ್ತಾ?" ಜನ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಒಂದು ಮಾತು ಹೇಳಬೇಕು. ಸೀಟಿನಲ್ಲಿ ಕೂತವನ ಮುಖ ಬಕೆಟ್ಟಿನ ಕಡೆಗೆ, ಬೆನ್ನು ಮೂಕಿಯ ಕಡೆಗೆ. ಒಂಬತ್ತು ವರ್ಷ ಅವನು ಹೆಂಡತಿಯನ್ನು ಬಲ್ಲದ್ದು ಸೀಟಿನ ಮೂಲಕ. ಅವಳು ಕಾಲು ಬದಲಿಸಿದರೆ ತಿಳಿಯುತ್ತಿತ್ತು, ಕೆಮ್ಮಿದರೆ ತಿಳಿಯುತ್ತಿತ್ತು. ಮುಖ ಹೇಗಿದೆ ಎಂಬುದು ಸೀಟಿನಲ್ಲಿ ತಿಳಿಯುವುದಿಲ್ಲ. ಮನೆಗೆ ಬಂದರೆ ತಟ್ಟೆಯ ಪಕ್ಕ ಫೋನಿಟ್ಟುಕೊಂಡು, ಯಾರೋ ಎಲ್ಲೋ ಇಂಥದೇ ಯಂತ್ರಕ್ಕೆ ಏನೇನು ಜೋಡಿಸಿದ್ದಾರೆ ಎಂದು ನೋಡುತ್ತಾ ಉಣ್ಣುತ್ತಿದ್ದ. ಎದುರಿಗೆ ಕೂತವಳ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ಮೂಕಿ ಮತ್ತೆ ಏಳತೊಡಗಿದ್ದು ಕಳೆದ ವರ್ಷ.

"ಸರಿಯಾಗಿ ನಿಂತ್ಕೊಳ್ಳೇ. ತುದೀಗೆ ಹೋಗು."

"ತುದೀಲೇ ಇದೀನಿ ಕಣ್ರೀ."

"ಮತ್ತೆ ಇದ್ಯಾಕೆ ಕುಣೀತಿದೆ?"

ಭಾರ ಹೆಚ್ಚಲಿ ಎಂದು ಅವನು ಟೈರುಗಳಿಗೆ ನೀರು ತುಂಬಿಸಿದ. ಕೆಲವು ವಾರ ಯಂತ್ರ ಸುಮ್ಮನಿತ್ತು, ಮತ್ತೆ ಎದ್ದಿತು. ಊರುಗಾಲುಗಳನ್ನು ಕತ್ತರಿಸಿ ಮುಂದಕ್ಕೆ ಚಾಚುವಂತೆ ಬೆಸೆದ. ಆಗಲೂ ಅಷ್ಟೇ, ಸ್ವಲ್ಪ ದಿನ ಸರಿಯಿದ್ದು ಮತ್ತೆ ಹಳೇ ರಾಗ. ಬಕೆಟ್ಟನ್ನೇ ನಾಲ್ಕು ಬೆರಳಗಲ ಕೊಯ್ದು ಸಣ್ಣದು ಮಾಡಿದ. ಪ್ರತಿ ಸಲವೂ ಇದೇ ಕೊನೆ ಎಂದುಕೊಂಡ. ನಡುನಡುವೆ ಯಂತ್ರ ತನ್ನಷ್ಟಕ್ಕೆ ತಾನೇ ಸರಿಹೋಗುತ್ತಿದ್ದುದು ಅವನ ತಲೆ ಕೆಡಿಸಿತ್ತು. ಇವತ್ತು ಎದ್ದದ್ದು ನಾಳೆ ಏಳುತ್ತಿರಲಿಲ್ಲ. ಏನೂ ಮುಟ್ಟದೆ ಅದು ಹೇಗೆ ಸರಿಹೋಗುತ್ತದೆ?

ಒಂದು ದಿನ ಎರಡು ಮನೆಗಳ ನಡುವಿನ ಓಣಿಯಲ್ಲಿ ತೋಡುವಾಗ ಯಂತ್ರ ಎದ್ದು ಪಕ್ಕಕ್ಕೆ ವಾಲಿತು, ಬಕೆಟ್ ಗೋಡೆಗೆ ಬಡಿಯಿತು. ಅವಳು ಮೂಕಿಯಿಂದ ಜಾರಿ ಕೆಸರಿಗೆ ಬಿದ್ದಳು. ಅವನು ಮೊದಲು ಕೇಳಿದ್ದು, "ಪೈಪ್ ಹರಿತಾ ನೋಡು," ಎಂದು. ಅವಳು ಕೆಸರಿನಲ್ಲಿ ಕೂತುಕೊಂಡೇ ನೋಡಿ, "ಇಲ್ಲ," ಎಂದಳು.

ಇನ್ನು ಅಂದಾಜಿನಲ್ಲಿ ಆಗುವ ಕೆಲಸವಲ್ಲ, ಎಲ್ಲವನ್ನೂ ತೂಗಿ ಲೆಕ್ಕ ಹಾಕಬೇಕು ಎಂದು ಮರುದಿನ ಬಕೆಟ್, ಪಿನ್ನು, ಬ್ಯಾಟರಿಗಳನ್ನೆಲ್ಲ ಕಾರಿಗೆ ಹೇರಿಕೊಂಡು ಗುಜರಿ ಅಂಗಡಿಗೆ ಹೋದ. ಎಲ್ಲ ತೂಗಿಯಾದ ಮೇಲೆ ಹೆಂಡತಿಯ ಕಡೆ ತಿರುಗಿದ.

"ನೀನೂ ಒಂದ್ಸಲ ಹತ್ತು."

"ನಂದ್ಯಾಕೆ? ಅರವತ್ತೆರಡು ಅಂತ ಬರೆದಿದೆಯಲ್ಲ."

"ಹತ್ತೇ, ನಿನ್ನ ಗಂಟೇನು ಹೋಗುತ್ತೆ?"

ಯಾವಾಗಲೂ ಹೆಗಲಿಗಿರುವ ಬಟ್ಟೆಯ ಚೀಲದೊಂದಿಗೆ ಅವಳು ಹತ್ತಿದಳು. ಕೆಂಪು ಅಂಕಿ ಐವತ್ತಾರಕ್ಕೆ ನಿಂತಿತು. ಗುಂಡಿಯಣ್ಣನಿಗೆ ಖುಷಿಯೇ ಆಯಿತು; ಆರು ಕಿಲೋ ಇಲ್ಲಿ ಸಿಕ್ಕಿತಲ್ಲ ಎಂದುಕೊಂಡ. ಆದರೆ ಗುಜರಿಯವನು ಹಳೇ ಹುಲಿ. ತೂಕ ಹೆಚ್ಚಿಸಲು ಮೂಟೆಯೊಳಗೆ ಮರಳು ತುಂಬಿ ತರುವವರನ್ನು ಕಂಡು ಕಂಡು ಅವನ ಕಣ್ಣು ಪಳಗಿತ್ತು.

"ಅಕ್ಕಾ, ಚೀಲ ಕೆಳಗಿಡಿ," ಎಂದ.

ಅವಳು ಅಲುಗಾಡಲಿಲ್ಲ. ಗುಂಡಿಯಣ್ಣನೇ ಚೀಲಕ್ಕೆ ಕೈ ಹಾಕಿದ. ಅವನ ಹೆಗಲು ಜಗ್ಗಿತು. ಚೀಲ ನೆಲಕ್ಕೆ ಬಿದ್ದು ಬಾಯಿ ಬಿಟ್ಟಿತು. ಬಕೆಟ್ಟಿನ ಸವೆದ ಹಲ್ಲುಗಳು, ಒಂದು ಹಲ್ಲುಚಕ್ರ, ಹಿಡಿ ಹಿಡಿ ಬೋಲ್ಟುಗಳು. ಎಲ್ಲವೂ ಅವನ ಶೆಡ್ಡಿನವೇ. ತಕ್ಕಡಿಯ ಅಂಕಿ ನಲವತ್ತೊಂದಕ್ಕೆ ಇಳಿದಿತ್ತು.

"ಇದೇನೇ ಇದು?"

"ನೀವು ಬೈತಿದ್ರಲ್ಲ," ಎಂದಳು ಅವಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ. "ಅದು ಏಳೋದು ನನ್ನಿಂದಾನೇ ಅಂತ ನಂಗೊತ್ತಿತ್ತು. ಮೊದಲು ಎರಡು ಹಲ್ಲು ಹಾಕ್ಕೊಂಡೆ. ಆಮೇಲಾಮೇಲೆ ಸಾಲ್ತಿರಲಿಲ್ಲ."

"ಊಟ ಮಾಡ್ತಿದ್ಯಲ್ಲೇ ನೀನು."

"ನೀವು ನೋಡಿದ್ರಾ?"

ಗುಜರಿಯವನು ಏನೋ ಕೆಲಸ ನೆನಪಾದವನಂತೆ ಒಳಗೆ ಹೋದ. ಗುಂಡಿಯಣ್ಣ ಅಂದು ಹೆಂಡತಿಯ ಮುಖ ನೋಡಿದ. ಕೆನ್ನೆ ಬತ್ತಿ, ಕಣ್ಣು ಗುಳಿಬಿದ್ದು, ಕತ್ತಿನ ಮೂಳೆಗಳು ಎದ್ದು ಕಾಣುತ್ತಿದ್ದವು.

ಆಸ್ಪತ್ರೆಯಲ್ಲಿ ಹೊಟ್ಟೆಯ ಚಿತ್ರ ತೆಗೆದ ಮೇಲೆ ಡಾಕ್ಟರಮ್ಮ ಕೇಳಿದರು, "ತೂಕ ಯಾವಾಗಿಂದ ಇಳೀತಿದೆ?" ಅವಳಿಗೆ ನೆನಪಿರಲಿಲ್ಲ. ಅವನಿಗಿತ್ತು.

"ಹನ್ನೊಂದು ತಿಂಗಳಾಯ್ತು ಮೇಡಂ. ಆಗ ಟೈರಿಗೆ ನೀರು ತುಂಬಿಸಿದೆ. ಅದಾಗಿ ಎರಡು ತಿಂಗಳಿಗೆ ಕಾಲು ಉದ್ದ ಮಾಡಿದೆ. ಮಳೆ ನಿಂತ ಮೇಲೆ ಬಕೆಟ್ ಕೊಯ್ದೆ."

ಡಾಕ್ಟರಮ್ಮ ಈತನಿಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದರು. ಅವನು ತಡವರಿಸುತ್ತಾ ಮೂಕಿಯ ಕಥೆ ಬಿಡಿಸಿ ಹೇಳಿದ. ಅವರು ಪೆನ್ನು ಎತ್ತಿಕೊಂಡು, ಯಂತ್ರದ ರಿಪೇರಿಯ ತಾರೀಖುಗಳನ್ನು ಒಂದೊಂದಾಗಿ ಅವಳ ಕಾಯಿಲೆಯ ಚೀಟಿಯಲ್ಲಿ ಬರೆದುಕೊಂಡರು. ಇಷ್ಟು ಕರಾರುವಾಕ್ಕಾಗಿ ಯಾವ ಗಂಡನೂ ಹೇಳಿರಲಿಕ್ಕಿಲ್ಲ. ಹೊಟ್ಟೆಯಲ್ಲಿ ಗಡ್ಡೆಯಿದೆ, ಕೊಯ್ದು ತೆಗೆಯುವ ಹಂತ ದಾಟಿದೆ, ನೋವಿಗೆ ಔಷಧಿ ಕೊಡಬಹುದು ಎಂದು ಆಮೇಲೆ ಅವನನ್ನೊಬ್ಬನನ್ನೇ ಕರೆದು ಹೇಳಿದರು.

ಅವಳನ್ನು ಮನೆಗೆ ಕರೆತಂದು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದ. ಒಪ್ಪಿಕೊಂಡ ಕೆಲಸಗಳು ಬಾಕಿಯಿದ್ದವು. ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ ಅರವತ್ತೆರಡು ಕಿಲೋ ಕಬ್ಬಿಣ ತೂಗಿಟ್ಟುಕೊಂಡು ಕೂತ. ಕತ್ತರಿಸುವ, ಬಡಿಯುವ ಸದ್ದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಮುಗಿಸಿ ಒಳಗೆ ಬಂದು ಬಾಗಿಲಲ್ಲಿ ನಿಂತ.

"ಏನು ಮಾಡಿದ್ರಿ?" ಎಂದು ಅವಳು ಕೇಳಿದಳು.

"ಮೂಕಿಗೆ ತೂಕ ಕೂರಿಸಿದೆ. ಎರಡು ಪಿನ್ ಎಳೆದ್ರೆ ಬಿಚ್ಚಿ ಬರುತ್ತೆ. ಇನ್ಮೇಲೆ ನೀನು ನಿಂತ್ಕೊಳ್ಳೋದೇ ಬೇಡ." ಸಮಾಧಾನದ ಮಾತು ಹೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

"ಈಗ ಏಳಲ್ವಾ?"

"ಜಪ್ಪಯ್ಯ ಅಂದ್ರೂ ಏಳಲ್ಲ."

"ಎಷ್ಟು ಹೊತ್ತು ಹಿಡೀತು?"

ಸುಳ್ಳು ಹೇಳಬಹುದಿತ್ತು. ಹೇಳಬೇಕಾಗಿತ್ತು. ಆದರೆ ಕೆಲಸದ ವಿಷಯದಲ್ಲಿ ಅವನಿಗೆ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ.

"ಅರ್ಧ ಗಂಟೆ," ಎಂದ.

"ಅರ್ಧ ಗಂಟೆ," ಎಂದಳು ಅವಳು.

ಅವನು ಗೋಡೆಗೊರಗಿ ಕುಸಿದು ಕೂತು, ಮಸಿ ಹಿಡಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಅವಳು ಕಣ್ಣು ತೆರೆದುಕೊಂಡೇ ಮಲಗಿದ್ದಳು, ಅಳಬೇಡಿ ಎನ್ನಲಿಲ್ಲ.