ಕಡಿಮೆ ಕೊಡಿ, ನಿಲ್ಲಿಸಬೇಡಿ

ಪಾಲಿಸಿ ಚಿಕ್ಕಮ್ಮನನ್ನು ಕಂಡರೆ ನೆಂಟರಿಷ್ಟರೆಲ್ಲ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಆಯುಷ್ಯವೆಲ್ಲ ವಿಮೆ ಮಾರಿ ನಿವೃತ್ತಳಾದವಳು ಅವಳು. ಮದುವೆಯ ಊಟದಲ್ಲಿ ಅವಳ ಅಕ್ಕಪಕ್ಕದ ಕುರ್ಚಿಗಳು ಕೊನೆಯವರೆಗೂ ಖಾಲಿ ಇರುತ್ತಿದ್ದವು. ಒಮ್ಮೆ ಅವಳು ಅಕ್ಕನ ಮನೆಗೆ ಹೋದಾಗ ಭಾವ ಸ್ನಾನದ ಮನೆ ಸೇರಿಕೊಂಡು, ನಲ್ಲಿ ಬಿಟ್ಟು, ಸದ್ದಿಲ್ಲದೆ ಕೂತುಬಿಟ್ಟಿದ್ದರು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆಗೆದರೆ ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಭಾವ ಒಂದು ಕೈಯಲ್ಲಿ ಟವೆಲ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸಹಿ ಹಾಕಿದರು.

ಇಂಥವಳನ್ನು ಗಾಲಿಮನೆಯವರು ತಾವಾಗಿಯೇ ಬಾ ಎಂದು ಕರೆದರು.

ಗಾಲಿಮನೆ ಹಳೆಯ ಬಸ್ ಗ್ಯಾರೇಜೊಂದರಲ್ಲಿ ನಡೆಯುತ್ತಿದ್ದ ಸೇವಾಸಂಸ್ಥೆ. ಕಾಲು ಮುರಿದವರಿಗೆ, ಲಕ್ವ ಹೊಡೆದವರಿಗೆ, ಆಪರೇಷನ್ ಆಗಿ ಮನೆಗೆ ಬಂದವರಿಗೆ ಗಾಲಿಕುರ್ಚಿ, ಊರುಗೋಲು, ಮಡಿಸುವ ಮಂಚಗಳನ್ನು ಅಲ್ಲಿ ಬಿಟ್ಟಿಯಾಗಿ ಕೊಡುತ್ತಿದ್ದರು. ವಾಸಿಯಾದ ಮೇಲೆ ತಂದುಕೊಟ್ಟರೆ ಆಯಿತು. ಮುಂದಿನ ಕೋಣೆಯಲ್ಲಿ ಕಚೇರಿ, ಹಿಂದೆ ರಬ್ಬರ್ ಮತ್ತು ಗ್ರೀಸಿನ ವಾಸನೆಯ ರಿಪೇರಿ ಶೆಡ್ಡು. ಇದನ್ನು ಕಟ್ಟಿದವರು ಒಬ್ಬ ಮೂಳೆ ಡಾಕ್ಟರು. ಆಪರೇಷನ್ ಟೇಬಲ್ಲಿನ ಮುಂದೆ ಹುಲಿಯಂತಿದ್ದ ಮನುಷ್ಯ, ಯಾರ ಮುಂದಾದರೂ ಕೈಚಾಚಬೇಕು ಅಂದರೆ ಮಾತ್ರ ಬೆವರಿ ನೀರಾಗುತ್ತಿದ್ದರು. ಅದಕ್ಕೇ ಚಿಕ್ಕಮ್ಮ ಬೇಕಾಗಿದ್ದಳು. ಲೆಕ್ಕ ನೋಡುವುದಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಇದ್ದರು. ಅವರನ್ನು ಎಲ್ಲರೂ ಖಜಾಂಚಿಗಳೇ ಎಂದು ಕರೆಯುತ್ತಿದ್ದರು.

ಅವಳು ಸೇರಿದ ವರ್ಷವೇ ಮಾರುಕಟ್ಟೆ ನೆಲಕಚ್ಚಿತು. ಅರ್ಧ ಎದ್ದ ಕಟ್ಟಡಗಳು ಅಲ್ಲಲ್ಲೇ ಕಬ್ಬಿಣದ ಸರಳು ತೋರಿಸಿಕೊಂಡು ನಿಂತವು. ಮನೆ ಕಟ್ಟುವವರಿಲ್ಲದ ಮೇಲೆ ಟೈಲ್ಸ್ ಕೊಳ್ಳುವವರು ಯಾರು? ಗಾಲಿಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಬ್ಬರೇ ಹೊರುತ್ತಿದ್ದವರು ಟೈಲ್ಸ್ ಕಾರ್ಖಾನೆಯ ಸಾಹುಕಾರರು. ಒಂದು ಬೆಳಿಗ್ಗೆ ಅವರ ಮ್ಯಾನೇಜರು ಫೋನ್ ಮಾಡಿ, "ಈ ವರ್ಷ ನಮ್ಮಿಂದ ಏನೂ ಆಗಲ್ಲ, ತಪ್ಪು ತಿಳಿಯಬೇಡಿ" ಎಂದು ಹೇಳಿ ಇಟ್ಟುಬಿಟ್ಟ. ಅದೇ ವಾರದಲ್ಲಿ ಸಣ್ಣಪುಟ್ಟ ದಾನಿಗಳೂ ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನು ನಿಲ್ಲಿಸಿದರು.

ಡಾಕ್ಟರು ಸಭೆ ಕರೆದರು. ಸಭೆ ಅಂದರೆ ಮೂರು ಜನ, ಮೂರು ಲೋಟ ಚಹಾ.

"ಒಂದು ದೊಡ್ಡ ಸಂಗೀತ ಸಂಜೆ ಮಾಡೋಣ," ಅಂದರು ಡಾಕ್ಟರು. "ಟೌನ್ ಹಾಲ್, ದೀಪಗಳು, ಹೆಸರುವಾಸಿ ಗಾಯಕರು. ಒಂದೇ ಏಟಿಗೆ ವರ್ಷದ ಖರ್ಚು ಬಂದುಬಿಡುತ್ತೆ."

"ಟಿಕೆಟ್ ಯಾರು ತಗೋತಾರೆ ಡಾಕ್ಟ್ರೇ? ಫೋನೇ ಎತ್ತದವರು ಹಾಲ್‌ಗೆ ಬರ್ತಾರಾ?" ಅಂದಳು ಚಿಕ್ಕಮ್ಮ. "ಬಂದ್ರೂ ಮುಂದಿನ ವರ್ಷ ಏನ್ಮಾಡ್ತೀರಿ? ಅದರ ಮುಂದಿನ ವರ್ಷ?"

"ಮತ್ತೆ ನೀವೇ ಹೇಳಿ."

ಅವಳು ಚಹಾ ಲೋಟ ಪಕ್ಕಕ್ಕಿಟ್ಟಳು. "ಜನ ಕಂತು ಕಟ್ಟೋದನ್ನ ಬಿಡೋದು ದುಡ್ಡಿಲ್ಲ ಅಂತಲ್ಲ, ನಾಚಿಕೆಗೆ. ಒಂದು ತಿಂಗಳು ತಪ್ಪುತ್ತೆ. ಏನು ಹೇಳೋದು ಅಂತ ಫೋನ್ ಎತ್ತಲ್ಲ. ಆಮೇಲೆ ರಸ್ತೆಯಲ್ಲಿ ಸಿಕ್ಕರೂ ಮುಖ ತಿರುಗಿಸ್ತಾರೆ. ಅಲ್ಲಿಗೆ ಸಂಬಂಧಾನೇ ಮುಗೀತು. ನಾವೇ ಮೊದಲು ಹೋಗಿ, ಕಷ್ಟ ಇದ್ರೆ ಕಡಿಮೆ ಕೊಡಿ, ನಿಲ್ಲಿಸಬೇಡಿ ಅಂತ ಹೇಳಿಬಿಡೋಣ."

ಖಜಾಂಚಿಗಳು ಕನ್ನಡಕ ಮೂಗಿನ ತುದಿಗಿಳಿಸಿದರು. "ಕೇಳೋಕೆ ಹೋಗಿ ಕಡಿಮೆ ಕೊಡಿ ಅಂತೀರಾ? ಬ್ಯಾಂಕಲ್ಲಿದ್ದಾಗ ನಾನು ಹೀಗೆ ಮಾಡಿದ್ದಿದ್ರೆ ನನ್ನನ್ನ ಕಾಡಿಗೆ ವರ್ಗ ಮಾಡೋರು."

"ಒಂದು ವರ್ಷದ ಲೆಕ್ಕ ಅಲ್ಲ ನಂದು, ಹತ್ತು ವರ್ಷದ್ದು. ಈ ಕಷ್ಟ ಹೋಗುತ್ತೆ, ಇನ್ನೊಂದು ಬರುತ್ತೆ. ಜನ ಉಳಿದ್ರೆ ದುಡ್ಡು ಇವತ್ತಲ್ಲ ನಾಳೆ ಬಂದೇ ಬರುತ್ತೆ."

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಆದರೆ ಟೌನ್ ಹಾಲಿನ ಬಾಡಿಗೆ ವಿಚಾರಿಸಿದ ಮೇಲೆ ಬೇರೆ ದಾರಿಯೂ ಇರಲಿಲ್ಲ.

ಚಿಕ್ಕಮ್ಮ ಫೋನ್ ಹಿಡಿದು ಕೂತಳು. ಮೊದಲು ಸಿಕ್ಕಿದ್ದು ಬೇಕರಿ ಯಜಮಾನ.

"ಅವರು ಊರಲ್ಲಿಲ್ಲ," ಅಂದಿತು ಧ್ವನಿ.

"ಧ್ವನಿ ಅವರದೇ ಥರ ಇದೆಯಲ್ಲ?"

"ನಾನು ಅವರ ತಮ್ಮ."

"ಸರಿಯಪ್ಪ. ಅಣ್ಣ ಬಂದ್ರೆ ಹೇಳಿ, ಈ ವರ್ಷ ಕಾಲು ಭಾಗ ಕೊಟ್ರೂ ಸಾಕು, ಆಗದಿದ್ರೆ ಇನ್ನೂ ಕಡಿಮೆ. ಬಿಟ್ಟು ಮಾತ್ರ ಹೋಗಬೇಡಿ ಅಂತ."

ಆ ಕಡೆ ಓವನ್ನು ಗುಂಯ್‌ಗುಡುತ್ತಿತ್ತು. "ಅಣ್ಣ ಈಗಷ್ಟೇ ಬಂದ, ಕೊಡ್ತೀನಿ ಇರಿ," ಎಂದ ಅದೇ ಧ್ವನಿ, ಗಂಟಲು ಸರಿಮಾಡಿಕೊಂಡು, ಸ್ವಲ್ಪ ದಪ್ಪಗಾಗಿ ಮತ್ತೆ ಬಂತು: "ನಮಸ್ಕಾರ ಅಮ್ಮ, ಹೇಗಿದ್ದೀರಿ?"

ಎಲ್ಲ ಕರೆಗಳೂ ಹೀಗೆ ಸಲೀಸಾಗಿರಲಿಲ್ಲ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಕೆಂಡವಾದರು. "ನನ್ನ ಕೈ ಖಾಲಿಯಾಗಿದೆ ಅಂತ ನಿಮಗ್ಯಾರು ಹೇಳಿದ್ದು? ಕಡಿಮೆಯಂತೆ ಕಡಿಮೆ!" ಎಂದು ರೇಗಿ, ಅದೇ ಸಿಟ್ಟಿನಲ್ಲಿ ತಿಂಗಳ ಮೊತ್ತವನ್ನು ಹೆಚ್ಚಿಸಿಬಿಟ್ಟರು. ಚಿಕ್ಕಮ್ಮ ಎರಡು ಸಲ ಕ್ಷಮೆ ಕೇಳಿ, ಫೋನ್ ಇಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಲವರು ನಿಜಕ್ಕೂ ಬಿಟ್ಟುಹೋದರು. ಹೊಲಿಗೆ ಅಂಗಡಿ ಮುಚ್ಚಿದ ಹೆಂಗಸೊಬ್ಬಳು ಬಿಕ್ಕುತ್ತಾ ಮಾತಾಡಿದಳು. ಅವಳ ಹತ್ತಿರ ಚಿಕ್ಕಮ್ಮ ದುಡ್ಡಿನ ಸುದ್ದಿಯನ್ನೇ ಎತ್ತದೆ, ಕುರ್ಚಿಗಳ ಸೀಟು ಹೊಲಿಯುವ ಕೆಲಸವನ್ನು ಗಾಲಿಮನೆಯಿಂದಲೇ ಕೂಲಿ ಕೊಟ್ಟು ಅವಳಿಗೆ ಒಪ್ಪಿಸಿದಳು.

ಸಾಹುಕಾರರು ಮಾತ್ರ ಯಾವ ಫೋನಿಗೂ ಸಿಗಲಿಲ್ಲ. ಚಿಕ್ಕಮ್ಮ ಬಸ್ಸು ಹತ್ತಿ ಕಾರ್ಖಾನೆಗೇ ಹೋದಳು. ಭಟ್ಟಿ ಆರಿ ತಣ್ಣಗಿತ್ತು. ಅಂಗಳದಲ್ಲಿ ಮಾರಾಟವಾಗದ ಟೈಲ್ಸ್ ಪೆಟ್ಟಿಗೆಗಳು ಆಳೆತ್ತರ ಪೇರಿಸಿದ್ದವು.

"ಸಾಹುಕಾರರು ಇಲ್ಲ," ಅಂದ ಮ್ಯಾನೇಜರು.

"ಅವರ ಕಾರು ಇದೆ, ಚಪ್ಪಲಿನೂ ಇದೆ. ಬರಿಗಾಲಲ್ಲಿ ಎಲ್ಲಿಗೆ ಹೋದ್ರಪ್ಪ?"

ಮ್ಯಾನೇಜರು ಹಲ್ಲು ಗಿಂಜಿದ. ಚಿಕ್ಕಮ್ಮ ಷೋರೂಮಿನ ಒಳಗೆ ನಡೆದಳು. ಅಲ್ಲಿ ಗಿರಾಕಿಗಳಿಗೆ ತೋರಿಸಲೆಂದು ನೀಲಿ, ಹಸಿರು, ಕಂದು ಬಣ್ಣದ ಮಾದರಿ ಸ್ನಾನದ ಮನೆಗಳನ್ನು ಸಾಲಾಗಿ ಕಟ್ಟಿದ್ದರು. ಸ್ನಾನದ ಮನೆಯಲ್ಲಿ ಅಡಗುವ ಗಂಡಸರ ವಿಷಯದಲ್ಲಿ ಅವಳಿಗೆ ಅನುಭವವಿತ್ತು. ಮೂರನೆಯದರಲ್ಲಿ, ನೀರಿನ ಸಂಪರ್ಕವೇ ಇಲ್ಲದ ಕಮೋಡಿನ ಮುಚ್ಚಳದ ಮೇಲೆ, ಪೆಚ್ಚುಮೋರೆ ಹಾಕಿಕೊಂಡು ಸಾಹುಕಾರರು ಕೂತಿದ್ದರು.

"ನಿಮಗೆ ಮುಖ ತೋರಿಸೋ ಹಾಗಿಲ್ಲ ಅಮ್ಮ," ಅಂದರು. "ಎಷ್ಟು ವರ್ಷದಿಂದ ಉಳಿಸಿಕೊಂಡು ಬಂದ ಮಾತು. ಭಟ್ಟಿ ಆರಿಸಿದ ದಿನ ಊಟ ಸೇರಲಿಲ್ಲ ನನಗೆ."

ಚಿಕ್ಕಮ್ಮ ಎದುರಿನ ಬಾತ್‌ಟಬ್ಬಿನ ಅಂಚಿನ ಮೇಲೆ ಕೂತಳು. "ನಾನು ವಸೂಲಿಗೆ ಬಂದಿಲ್ಲ ಸಾಹುಕಾರರೇ. ನಿಮ್ಮ ಆಫೀಸಿನ ತಿಂಗಳ ಚಹಾ ಖರ್ಚೆಷ್ಟು?"

ಅವರು ಹೇಳಿದರು.

"ಅಷ್ಟು ಕೊಡಿ. ಪ್ರತಿ ತಿಂಗಳು. ಸಾಕು."

"ಅಷ್ಟೇನಾ? ನನ್ನಂಥೋನು ಅಷ್ಟು ಕೊಟ್ರೆ ಜನ ನಗಲ್ವಾ?"

"ಯಾರಿಗೆ ಗೊತ್ತಾಗುತ್ತೆ? ನನಗೆ, ಖಜಾಂಚಿಗಳಿಗೆ. ಖಜಾಂಚಿಗಳು ನಗೋದನ್ನ ನಾನಂತೂ ಇದುವರೆಗೆ ನೋಡಿಲ್ಲ."

ಸಾಹುಕಾರರು ನಕ್ಕುಬಿಟ್ಟರು. ತಿಂಗಳುಗಟ್ಟಲೆ ನಗದೇ ಇದ್ದ ಮನುಷ್ಯನ ನಗು ಆ ಖಾಲಿ ಟೈಲ್ಸ್ ಗೋಡೆಗಳಿಗೆ ಬಡಿದು ದೊಡ್ಡದಾಗಿ ಕೇಳಿಸಿತು. ಮ್ಯಾನೇಜರು ಗಾಬರಿಯಾಗಿ ಓಡಿಬಂದ.

ಆ ವರ್ಷ ಕಷ್ಟದಲ್ಲೇ ಕಳೆಯಿತು. ಹೊಸ ಕುರ್ಚಿ ಒಂದನ್ನೂ ಕೊಳ್ಳಲಿಲ್ಲ; ಹಳೆಯ ಎರಡರಿಂದ ಒಂದು ಎಂಬಂತೆ ಜೋಡಿಸಿದರು. ರಿಪೇರಿ ಕೆಲಸದವರ ಸಂಬಳ ತಡವಾದ ತಿಂಗಳು ಡಾಕ್ಟರು ಕಚೇರಿಯಲ್ಲಿ ಶತಪಥ ಹಾಕುತ್ತಾ, "ನಿಮ್ಮ ಮಾತು ಕೇಳಿ ಕೆಟ್ಟೆ" ಅಂದರು. ಚಿಕ್ಕಮ್ಮ ಮನೆಗೆ ಹೋಗಿ ಗಂಡನ ಮುಂದೆ, "ನಾನೇ ತಪ್ಪಿದೆನೇನೋ ರೀ" ಅಂದಳು. "ನೀನು ಬೆನ್ನು ಹತ್ತಿದೋರು ಯಾರು ತಾನೇ ತಪ್ಪಿಸಿಕೊಂಡಿದ್ದಾರೆ? ನನ್ನನ್ನೇ ನೋಡು," ಅಂದ ಅವನು. ಅವಳಿಗೆ ನಗು ಬಂತು, ಜೊತೆಗೆ ನಿದ್ದೆಯೂ ಬಂತು.

ಮರುದಿನದಿಂದ ಅವಳು ಇನ್ನೊಂದು ಕೆಲಸ ಶುರುಮಾಡಿದಳು. ಏನನ್ನೂ ಕೇಳದೆ ದಾನಿಗಳಿಗೆ ಫೋನ್ ಮಾಡುವುದು. "ನೀವು ಕೊಟ್ಟದ್ದರಲ್ಲಿ ರಿಪೇರಿಯಾದ ಕುರ್ಚಿ ಈಗ ಒಬ್ಬ ಕೊಳಲು ಕಲಿಸೋರ ಮನೇಲಿದೆ. ಬಾಲ್ಕನಿಗೆ ಬಂದು ಪಾಠ ಹೇಳ್ತಿದ್ದಾರೆ. ಅಷ್ಟೇ, ಇಡ್ತೀನಿ." ಮೊದಮೊದಲು ಜನ ಅನುಮಾನಪಟ್ಟರು. "ಅಷ್ಟೇನಾ? ದುಡ್ಡು ಕೇಳಲ್ವಾ?" ಎಂದು ಬೇಕರಿ ಯಜಮಾನ ಎರಡೆರಡು ಸಲ ಕೇಳಿದ. ಕೊನೆಗೆ ಅವನೇ ಒಂದು ದಿನ ಇನ್ನೊಬ್ಬನನ್ನು ಕರೆದುಕೊಂಡು ಗಾಲಿಮನೆಗೆ ಬಂದು, ಕಿವಿಯವರೆಗೂ ಕೆಂಪಾಗಿ, "ಇವನು ನಿಜವಾದ ತಮ್ಮ. ಇವನೂ ತಿಂಗಳಿಗಿಷ್ಟು ಕೊಡ್ತಾನಂತೆ" ಅಂದ.

ಹೀಗೆ ಒಬ್ಬರಿಂದ ಇನ್ನೊಬ್ಬರು ಬಂದರು. ಕುರ್ಚಿ ವಾಪಸು ತಂದ ಮನೆಯವರೂ ಸೇರಿದರು. ಮೊತ್ತಗಳು ಸಣ್ಣವು, ಜನ ಮಾತ್ರ ಕಚೇರಿಯ ಬೆಂಚು ಸಾಲದಷ್ಟು. ಖಜಾಂಚಿಗಳಿಗೂ ಹುರುಪು ಬಂತು. ಬಂದದ್ದರಲ್ಲಿ ಹತ್ತನೇ ಒಂದು ಪಾಲನ್ನು ಆಪತ್ತಿನ ನಿಧಿ ಎಂದು ಬ್ಯಾಂಕಿನಲ್ಲಿಟ್ಟು, "ಇದನ್ನ ಮುಟ್ಟಬೇಕಾದ್ರೆ ಮೂರೂ ಜನ ಸಹಿ ಹಾಕಬೇಕು. ನಾನು ಸುಲಭಕ್ಕೆ ಹಾಕಲ್ಲ" ಎಂದು ಘೋಷಿಸಿದರು. ಆ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ಚಿಕ್ಕಮ್ಮನಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಮೂರನೆಯ ವರ್ಷ ಕಟ್ಟಡಗಳು ಮತ್ತೆ ಮೇಲೇಳತೊಡಗಿದವು. ಸಾಹುಕಾರರ ಭಟ್ಟಿ ಹೊತ್ತಿತು. ಅವರು ಹೊಸ ಅಂಗಿ ತೊಟ್ಟು ಗಾಲಿಮನೆಗೆ ಬಂದು, ಹಿಂದೆ ಕೊಡುತ್ತಿದ್ದಷ್ಟೂ, ಅದರ ಮೇಲೆ ಎರಡು ವರ್ಷದ ಬಾಕಿಯೂ ಸೇರಿಸಿದ ಚೆಕ್ಕನ್ನು ಮೇಜಿನ ಮೇಲಿಟ್ಟರು. ಡಾಕ್ಟರ ಕಣ್ಣು ತುಂಬಿತು. ಚಿಕ್ಕಮ್ಮ ಚೆಕ್ಕು ನೋಡಿ ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಇಷ್ಟು ಬೇಡ ಸಾಹುಕಾರರೇ."

ಖಜಾಂಚಿಗಳಿಗೆ ಚಹಾ ನೆತ್ತಿಗೇರಿತು.

"ಬೇಡ್ವಾ?" ಸಾಹುಕಾರರು ಡಾಕ್ಟರ ಕಡೆ ನೋಡಿದರು. "ನನ್ನ ದುಡ್ಡು ಬೇಡ ಅಂದೋರು ಈ ಪ್ರಪಂಚದಲ್ಲಿ ಯಾರೂ ಇಲ್ಲ!"

"ನಿಮ್ಮ ದುಡ್ಡು ಬೇಕು, ಪ್ರತಿ ತಿಂಗಳು ಬೇಕು. ಆದ್ರೆ ನಮ್ಮ ಖರ್ಚಿನಲ್ಲಿ ಯಾರೊಬ್ಬರ ಪಾಲೂ ಹತ್ತರಲ್ಲಿ ಒಂದು ದಾಟಬಾರದು. ನಿಮ್ಮ ಭಟ್ಟಿ ಆರಿದ ದಿನ ನಮ್ಮ ಗಾಲಿನೂ ನಿಲ್ಲೋದರಲ್ಲಿತ್ತು. ಇನ್ನೊಂದ್ಸಲ ಹಾಗಾಗಬಾರದು. ನಿಮಗೂ ಆ ಭಾರ ಬೇಡ, ಊಟ ಸೇರದೆ ಕೂರೋದು ಬೇಡ."

"ಪಾಲಿಸಿಯಮ್ಮ, ಸ್ವಲ್ಪ ಒಳಗೆ ಬನ್ನಿ," ಅಂದರು ಡಾಕ್ಟರು ಹಲ್ಲು ಕಚ್ಚಿ.

ಮೂವರೂ ರಿಪೇರಿ ಶೆಡ್ಡಿನಲ್ಲಿ ನಿಂತು ಪಿಸುದನಿಯಲ್ಲೇ ದೊಡ್ಡ ಜಗಳವಾಡಿದರು. ಡಾಕ್ಟರು ಕೈ ಮುಗಿದರು. ಚಿಕ್ಕಮ್ಮ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಖಜಾಂಚಿಗಳೇ ದಾರಿ ಹುಡುಕಿದರು: ಚೆಕ್ಕಿನಲ್ಲಿ ಖರ್ಚಿನ ಹತ್ತನೇ ಒಂದರಷ್ಟು ಮಾತ್ರ ತಿಂಗಳ ಕಂತಿಗೆ, ಉಳಿದಿದ್ದೆಲ್ಲ ಆಪತ್ತಿನ ನಿಧಿಗೆ. ಚಿಕ್ಕಮ್ಮ, "ಇದು ನನಗೆ ಒಪ್ಪಿಗೆ" ಅಂದಳು. ಡಾಕ್ಟರು ಉಸಿರುಬಿಟ್ಟರು.

ಅಷ್ಟರಲ್ಲಿ ಹೊರಗಿನಿಂದ, "ಯಾರಾದ್ರೂ ಬನ್ರಪ್ಪಾ!" ಎಂಬ ಕೂಗು ಕೇಳಿಸಿತು. ಕಾದು ಬೇಸತ್ತ ಸಾಹುಕಾರರು ಅಲ್ಲಿದ್ದ ಗಾಲಿಕುರ್ಚಿಯೊಂದರಲ್ಲಿ ಕೂತು ತಮಾಷೆಗೆ ಉರುಳಿಸಿಕೊಂಡು ಬಾಗಿಲ ಇಳಿಜಾರಿಗೆ ಇಳಿದಿದ್ದರು. ಅಲ್ಲಿ ಸಿಮೆಂಟು ಕಿತ್ತುಹೋಗಿತ್ತು. ಒಂದು ಗಾಲಿ ಹಳ್ಳಕ್ಕೆ ಸಿಕ್ಕಿಕೊಂಡು, ಅವರು ಒಂದು ಮಗ್ಗುಲಿಗೆ ವಾಲಿ, ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದರು.

ಮೂವರೂ ಸೇರಿ ಎಳೆದು ಮೇಲಕ್ಕೆ ತಂದರು. ಸಾಹುಕಾರರು ಎದ್ದು ಅಂಗಿ ಕೊಡವಿಕೊಳ್ಳುತ್ತಾ, ಖಜಾಂಚಿಗಳು ಹೇಳಿದ ಚೆಕ್ಕಿನ ಏರ್ಪಾಡಿಗೆ ಹೂಂಗುಟ್ಟಿದರು.

"ಕುರ್ಚಿ ಏನೋ ಚೆನ್ನಾಗಿದೆ. ನೆಲ ಯಾರ ಕೆಲಸ ಇದು? ಕಾಲಿಲ್ಲದೋರು ಹತ್ತೋ ಜಾಗಾನಾ ಇದು?" ಅಂದರು. "ಜಾರದಂಥ ಟೈಲ್ಸ್ ನನ್ನ ಹತ್ತಿರ ರಾಶಿ ಬಿದ್ದಿದೆ. ನಾಳೆ ನಮ್ಮ ಕೆಲಸದೋರನ್ನ ಕಳಿಸ್ತೀನಿ. ಇದಕ್ಕೂ ಬೇಡ ಅಂತೀರಾ ಅಮ್ಮ?"

"ಇದಕ್ಕೆ ಅನ್ನಲ್ಲ," ಅಂದಳು ಚಿಕ್ಕಮ್ಮ. "ಆದ್ರೆ ಕಂದು ಬಣ್ಣ ಬೇಡ."

"ಹಸಿರು?"

"ಹಸಿರು ಆಸ್ಪತ್ರೆ ಥರ ಕಾಣುತ್ತೆ," ಅಂದರು ಡಾಕ್ಟರು.

"ನೀಲಿ ಬೇಗ ಕೊಳೆಯಾಗುತ್ತೆ," ಅಂದರು ಖಜಾಂಚಿಗಳು.

ಮರುದಿನ ಬೆಳಿಗ್ಗೆ ಲಾರಿಯಲ್ಲಿ ಮೂರು ಬಣ್ಣದ ಪೆಟ್ಟಿಗೆಗಳೂ ಬಂದಿಳಿದವು. ಸಾಹುಕಾರರು ತಾವೇ ಪ್ಯಾಂಟು ಮಡಿಸಿಕೊಂಡು ಇಳಿಜಾರಿನ ಮೇಲೆ ನಿಂತು, ಒಂದೊಂದು ಸಾಲು ಹಾಕಿ ಒಣಗಿದಾಗಲೂ ಕುರ್ಚಿಯಲ್ಲಿ ಕೂತು ಮೇಲೆ ಕೆಳಗೆ ಹೋಗಿ ನೋಡುತ್ತಿದ್ದರು.