ತಡೆದುಕೊಂಡವಳು

ಸೊಸೆ ತನ್ನ ಜೀವಮಾನದಲ್ಲಿ ಮಾಡಿದ ಅತಿ ದೊಡ್ಡ ನಶೆಯೆಂದರೆ ಕಾಫಿ, ಅದೂ ಅತ್ತೆ ಕುಡಿದು ಮಿಕ್ಕಿದ್ದು. ಆದರೂ ಆವತ್ತು ಭತ್ಯೆ ಕಚೇರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಅವಳ ಕೈಕಾಲು ತಣ್ಣಗಾಗಿದ್ದವು.

ಗಂಡ ತೀರಿಹೋಗಿದ್ದ. ಅವಳು ದುಡಿಯುತ್ತಿದ್ದ ಬಿಸ್ಕತ್ತು ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅತ್ತೆ, ಸೊಸೆ, ಶಾಲೆಗೆ ಹೋಗುವ ಮಗಳು ಮೂವರ ಹೊಟ್ಟೆ ತುಂಬುತ್ತಿದ್ದದ್ದು ಸರ್ಕಾರದ ಭತ್ಯೆಯಿಂದಲೇ. ಈಗ ಹೊಸ ನಿಯಮ ಬಂದಿತ್ತು. ಭತ್ಯೆ ಬೇಕೆನ್ನುವವರು ತಮಗೆ ಅಮಲಿನ ಚಟವಿಲ್ಲವೆಂದು ಮೂತ್ರ ಕೊಟ್ಟು ತೋರಿಸಬೇಕು. ಬಡವರು ಅಂದಮೇಲೆ ಏನೋ ಸೇದುತ್ತಿರಲೇಬೇಕು ಎಂದು ಯಾವುದೋ ತಣ್ಣನೆಯ ಕೋಣೆಯಲ್ಲಿ ಕೂತ ಪುಣ್ಯಾತ್ಮರಿಗೆ ಹೊಳೆದಿತ್ತು. ತೋರಿಸದಿದ್ದರೆ ಭತ್ಯೆ ನಿಲ್ಲುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬಹುದಿತ್ತು. ಆದರೆ ಮಗುವನ್ನು ಎಂಥ ಮನೆಯಲ್ಲಿ ಬೆಳೆಸುತ್ತಿದ್ದೀರಿ ಎಂದು ನೋಡಲು ಅಧಿಕಾರಿಗಳೂ ಬರುತ್ತಿದ್ದರು. ಎದುರುಮನೆಗೆ ಹಾಗೆ ಬಂದವರು, ಹೋಗುವಾಗ ಆ ಮನೆಯ ಚಿಕ್ಕ ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಸೊಸೆ ಕಿಟಕಿಯಿಂದ ನೋಡಿದ್ದಳು. ಅಂದಿನಿಂದ ಯಾರು ಬಾಗಿಲು ತಟ್ಟಿದರೂ ಅವಳ ಎದೆ ಝಲ್ಲೆನ್ನುತ್ತಿತ್ತು.

"ತಪ್ಪು ಮಾಡದವಳಿಗೆ ಯಾಕೆ ಇಷ್ಟು ಭಯ? ಹೋಗು, ಡಬ್ಬಿಗೆ ಉಚ್ಚೆ ಹುಯ್ದು ಬಾ, ಮನೆಗೆ ಹೋಗೋಣ" ಎಂದಳು ಅತ್ತೆ. ಮಾರುಕಟ್ಟೆಯಲ್ಲಿ ಈರುಳ್ಳಿ ಮಾರಿ ಪಳಗಿದ ಬಾಯಿ ಅದು, ಪಿಸುಮಾತು ಗೊತ್ತಿಲ್ಲ. ಕೂತವರೆಲ್ಲ ತಿರುಗಿ ನೋಡಿದರು. ಸೊಸೆ ನೆಲ ನೋಡಿದಳು.

ಪಾಯಿಖಾನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಬಿಚ್ಚಿ ತೆಗೆದಿದ್ದರು, ತಿರುಪಿನ ತೂತುಗಳು ಮಾತ್ರ ಉಳಿದಿದ್ದವು. ಯಾರೂ ನೀರು ಬೆರೆಸಬಾರದೆಂದು ನಲ್ಲಿಗೆ ಟೇಪು ಸುತ್ತಿದ್ದರು. ರಬ್ಬರ್ ಗ್ಲೌಸು ಹಾಕಿಕೊಂಡ ಆಯಾ ಒಳಗೇ ಬಂದು ಎದುರಿಗೆ ನಿಂತಳು.

"ಸ್ವಲ್ಪ ಆ ಕಡೆ ತಿರುಗ್ತೀರಾ, ಅಕ್ಕಾ?"

"ತಿರುಗಿದ್ರೆ ನನ್ನ ಕೆಲಸ ಹೋಗುತ್ತಮ್ಮ. ಜನ ಬೇರೆಯವರದ್ದು ತಂದು ಸುರೀತಾರೆ. ನಾನು ನೋಡ್ಲೇಬೇಕು."

ಸೊಸೆ ಕೂತಳು. ಡಬ್ಬಿ ಹಿಡಿದಳು. ಕಣ್ಣು ಮುಚ್ಚಿದಳು. ಏನೂ ಬರಲಿಲ್ಲ.

ಬರುವುದಾದರೂ ಹೇಗೆ? ಬಿಸ್ಕತ್ತು ಕಟ್ಟುವ ಬೆಲ್ಟಿನ ಮುಂದೆ ಅವಳು ವರ್ಷಗಟ್ಟಲೆ ನಿಂತವಳು. ನಡುವೆ ಒಂದಕ್ಕೆ ಹೋಗುತ್ತೇನೆ ಎಂದವಳನ್ನು ಮೇಸ್ತ್ರಿ ಎಲ್ಲರೆದುರು ಹೀನಾಮಾನ ಬೈಯುತ್ತಿದ್ದ. ಹಾಗಾಗಿ ಹಲ್ಲು ಕಚ್ಚಿ ತಡೆದುಕೊಳ್ಳುವುದನ್ನು ಕಲಿತಳು. ಕೊನೆಕೊನೆಗೆ ಯಾರಾದರೂ ತನ್ನನ್ನೇ ನೋಡುತ್ತಿದ್ದಾರೆಂದರೆ ಸಾಕು, ಮೈ ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು. ಅದಕ್ಕಾಗಿ ಒಮ್ಮೆ ಶಭಾಷ್ ಎನ್ನಿಸಿಕೊಂಡಿದ್ದಳು ಕೂಡ. ಕಾರ್ಖಾನೆ ಮುಚ್ಚಿಹೋಯಿತು, ಕಲಿತದ್ದು ಮಾತ್ರ ಮೈ ಬಿಟ್ಟು ಹೋಗಲಿಲ್ಲ.

"ಹೊರಗೆ ಕೂತಿರು" ಎಂದಳು ಆಯಾ. "ನೀರು ಕುಡಿ. ಆದ್ರೆ ಜಾಸ್ತಿ ಕುಡೀಬೇಡ, ತೆಳುವಾಯ್ತು ಅಂತ ವಾಪಸ್ ಮಾಡ್ತಾರೆ. ಕಚೇರಿ ಮುಚ್ಚೋದ್ರೊಳಗೆ ಕೊಡ್ಬೇಕು. ಇಲ್ದಿದ್ರೆ, ಕೊಡಲ್ಲ ಅಂದ್ರು ಅಂತ ಬರೀತಾರೆ."

"ನಾನು ಹಾಗಂದಿಲ್ಲವಲ್ಲ!"

"ಬರೆಯೋಕೆ ಅಲ್ಲಿ ಬೇರೆ ಪದ ಇಲ್ಲಮ್ಮ."

ಅತ್ತೆ ಬಾಟಲಿ ಹಿಡಿದು ಕುಡಿ ಎಂದು ಜೀವ ತಿಂದಳು. ಸೊಸೆ ಒಂದು ಗುಟುಕು ಕುಡಿದು, ಹೆಚ್ಚಾಯಿತೇನೋ ಎಂದು ಹೆದರಿ ಮುಚ್ಚಳ ಹಾಕಿದಳು. ಕಡಿಮೆಯಾಯಿತೇನೋ ಎಂದು ಹೆದರಿ ಮತ್ತೆ ತೆಗೆದಳು. ಎರಡನೆಯ ಸಲ ಒಳಗೆ ಹೋದಳು, ಖಾಲಿ ಡಬ್ಬಿ ಹಿಡಿದು ಬಂದಳು. ಕೌಂಟರಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಅರ್ಥವಾಯಿತು: ಒಳಗೆ ಏನೋ ಇದೆ, ಅದಕ್ಕೇ ಕೊಡುತ್ತಿಲ್ಲ. ಮಗಳು ಶಾಲೆಯಿಂದ ಬರುವ ಹೊತ್ತಾಗುತ್ತಿತ್ತು. ಬಂದವಳು ಬೀಗ ನೋಡಿ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಾಳೆ. ಒಬ್ಬಳೇ ಕೂತಿದ್ದನ್ನು ಯಾರಾದರೂ ನೋಡಿಬಿಟ್ಟರೆ? ಸೊಸೆಯ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತೆ ಭಾರ. ನೋವು ಇತ್ತು, ನೀರು ಮಾತ್ರ ಇಳಿಯುತ್ತಿರಲಿಲ್ಲ.

ಮೂರನೆಯ ಸಲ ಆಯಾಗೇ ಕರುಳು ಚುರುಕ್ಕೆಂದಿತು. "ನಾನು ನೆಲ ನೋಡ್ತೀನಿ. ಬೇಗ, ತಾಯಿ" ಎಂದು ತಲೆ ತಗ್ಗಿಸಿದಳು. ಸೊಸೆಯ ಮೈ ಮೆಲ್ಲಗೆ ಸಡಿಲವಾಯಿತು. ಈಗ ಬರುತ್ತದೆ, ಈಗ ಬಂದೇ ಬಿಡುತ್ತದೆ ಅನ್ನುವಷ್ಟರಲ್ಲಿ ಹೊರಗೆ ಬೂಟಿನ ಸದ್ದಾಯಿತು. ಆಯಾ ಗಾಬರಿಯಿಂದ ತಲೆ ಎತ್ತಿ ಕಣ್ಣು ಅಗಲ ಮಾಡಿ ಅವಳನ್ನೇ ನೋಡಿದಳು. ಮೈ ಮತ್ತೆ ಬಿಗಿಯಿತು.

ಕಚೇರಿ ಮುಚ್ಚುವ ಹೊತ್ತಿಗೆ ಗುಮಾಸ್ತ ಕರೆದ. ಸೊಸೆ ಖಾಲಿ ಡಬ್ಬಿ ಹಿಡಿದುಕೊಂಡೇ ಕೌಂಟರಿನ ಮುಂದೆ ನಿಂತಳು.

"ನಿರಾಕರಿಸಿದ್ದಾರೆ ಅಂತ ಹಾಕ್ತಿದ್ದೀನಿ."

"ಇಲ್ಲ ಸಾರ್, ಕೊಡ್ತೀನಿ ಸಾರ್. ಬರ್ತಿಲ್ಲ, ಅಷ್ಟೇ."

"ನನ್ನ ಸೊಸೆ ಮಾತ್ರೆ ನುಂಗೋಕೂ ಹೆದರ್ತಾಳೆ, ಸ್ವಾಮಿ! ಊರಲ್ಲೆಲ್ಲ ಕೇಳಿ ಬೇಕಾದ್ರೆ!" ಎಂದು ಅತ್ತೆ ಹಿಂದಿನಿಂದ ಕೂಗಿದಳು.

ಗುಮಾಸ್ತ ಕೆಟ್ಟವನೇನಲ್ಲ. ಅವನಿಗೂ ಮನೆಗೆ ಹೋಗಬೇಕಿತ್ತು. ಠಪ್ಪೆಂದು ಮೊಹರು ಒತ್ತಿದ. "ಮನೆ ನೋಡೋಕೆ ಬರ್ತಾರೆ. ಮಗೂನ ಎಲ್ಲಿಗೂ ಕಳಿಸ್ಬೇಡಿ" ಎಂದ.

ಆ ಮಾತು ಕಿವಿಗೆ ಬಿದ್ದದ್ದೇ ಸೊಸೆಯ ತೊಡೆಯ ಮೇಲೆ ಬಿಸಿ ಇಳಿಯಿತು. ಮೊದಲು ಏನೆಂದೇ ತಿಳಿಯಲಿಲ್ಲ. ತಿಳಿದಾಗ ಅವಳಿಗೆ ನಾಚಿಕೆಯಾಗಲಿಲ್ಲ, ದೇವರಾಣೆ, ಸಂತೋಷವಾಯಿತು.

"ಬಂತು! ಬಂತು ಸಾರ್! ಅಕ್ಕಾ, ಬನ್ನಿ, ನೋಡಿ, ಬಂತು!" ಎನ್ನುತ್ತಾ ಡಬ್ಬಿಯನ್ನು ಬಟ್ಟೆಯ ಕೆಳಗೆ ಒಡ್ಡಲು ಹೋದಳು. ಡಬ್ಬಿ ಕೈಜಾರಿ ಉರುಳಿತು. ಚಪ್ಪಲಿಯೊಳಗೆ, ನೆಲದ ಮೇಲೆ ಎಲ್ಲ ಹರಿಯಿತು. ಜನ ಕುರ್ಚಿಯ ಮೇಲೆ ಕಾಲೆತ್ತಿಕೊಂಡರು. ಆಯಾ ಪಾಯಿಖಾನೆಯ ಬಾಗಿಲಲ್ಲೇ ಬಾಯಿಗೆ ಕೈ ಅಡ್ಡವಿಟ್ಟು ನಿಂತಳು. ಇಡೀ ಹಾಲ್ ನೋಡುತ್ತಿತ್ತು.

"ಅದು ಲೆಕ್ಕಕ್ಕಿಲ್ಲಮ್ಮ, ಒಳಗೆ ಆಗ್ಬೇಕಿತ್ತು" ಎಂದ ಗುಮಾಸ್ತ. ಕಾಗದಗಳನ್ನು ಹಿಂದಕ್ಕೆ ಸರಿಸಿಕೊಂಡ.

ಸೊಸೆ ಒದ್ದೆಯಲ್ಲೇ ಮಂಡಿಯೂರಿದಳು. ಎರಡೂ ಅಂಗೈಯಲ್ಲಿ ಬಳಿದು ಬಳಿದು ಡಬ್ಬಿಗೆ ತುಂಬತೊಡಗಿದಳು. ಅತ್ತೆ "ಏಳೇ, ಸಾಕು ಏಳೇ" ಎಂದು ರಟ್ಟೆ ಹಿಡಿದು ಎಳೆದಳು. ಆಮೇಲೆ ತಾನೂ ಅವಳ ಪಕ್ಕ ಕೂತು ಕೈ ಒಡ್ಡಿದಳು.