ಹತ್ತಕ್ಕ ಆರಿಸಿದ ಕಾಲೇಜು

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ, ಮಂಡಿ ಮಡಿಸುವವರ, ಕೈ ಎತ್ತುವವರ ಪಕ್ಕ ನಿಂತು ಒಂದರಿಂದ ಹತ್ತು ಎಣಿಸುವುದು ಅವಳ ಕೆಲಸ. ಹಾಗಾಗಿ ಮುದುಕರಿಂದ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಹತ್ತಕ್ಕ. ಹಾಸು ಒರೆಸಬೇಕು, ಬಿಸಿನೀರಿನ ಚೀಲ ತುಂಬಿ ಕೊಡಬೇಕು, ಎಣಿಸಬೇಕು, ಅಷ್ಟೆ. ರೋಗಿಯ ಮೈಗೆ ಕೈ ಹಚ್ಚುವ ಹಾಗಿಲ್ಲ, ಅದು ಓದಿದವರ ಕೆಲಸ.

ಹಾಗಂತ ಅವಳೇನು ಓದಲಾಗದ ದಡ್ಡಿಯೇ? ಅಲ್ಲವೇ ಅಲ್ಲ. ಹದಿನೆಂಟರಲ್ಲಿ ಪುಸ್ತಕ ಹಿಡಿದಿದ್ದಾಗಲೇ ಅಮ್ಮನಿಗೆ ಲಕ್ವ ಹೊಡೆಯಿತು. ಅಣ್ಣನಿಗೆ ಬೇರೆ ಊರಲ್ಲಿ ಕೆಲಸ, ಹೆಂಡತಿ, ಇಬ್ಬರು ಮಕ್ಕಳು. ಇನ್ನು ಉಳಿದವಳು ಯಾರು? ಇವಳೇ. ಹಗಲು ಆಸ್ಪತ್ರೆ, ಉಳಿದ ಹೊತ್ತು ಅಮ್ಮ. ಅಮ್ಮ ಹೋಗಿ ಒಂದೂವರೆ ವರ್ಷವಾಗಿತ್ತು. ಆಮೇಲೆ ಹಟ ಹಿಡಿದು ಪರೀಕ್ಷೆ ಬರೆದಳು, ಪಾಸೂ ಆದಳು. ಫಿಸಿಯೋಥೆರಪಿ ಡಿಗ್ರಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಕಂಪ್ಯೂಟರಿನಲ್ಲಿ ಒಂದನ್ನು ಒತ್ತಬೇಕು, ಇಲ್ಲದಿದ್ದರೆ ಎರಡೂ ಹೋಯಿತು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಸಾಯುವ ತನಕ ಎಣಿಸುತ್ತಲೇ ಇರಬೇಕು.

ಅಣ್ಣ ಲೆಕ್ಕದ ಮೇಷ್ಟ್ರು. ಕೇಳಿದ್ದೇ ತಡ, ಎರಡು ಕಾಲೇಜಿಗೂ ಅಂಕ ಹಾಕಿ ಕಳಿಸಿದ. ಕಟ್ಟಡಕ್ಕೆ ಇಷ್ಟು, ಯಂತ್ರಗಳಿಗೆ ಇಷ್ಟು, ಹೆಸರಿಗೆ ಇಷ್ಟು. ಊರಲ್ಲೇ ಇರುವ ದೊಡ್ಡ ಕಾಲೇಜಿಗೆ ಎಂಬತ್ತೇಳು. ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಬೇಕಾದ ಹಳೆಯ ಕಾಲೇಜಿಗೆ ಐವತ್ತೆರಡು. "ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ ಪುಟ್ಟಿ? ಕಣ್ಮುಚ್ಕೊಂಡು ಒತ್ತು" ಎಂದ. ಮಕ್ಕಳ ಪೇಪರು ತಿದ್ದುವವನಿಗೆ ಜಗತ್ತೆಲ್ಲ ನೂರಕ್ಕೆ ಎಷ್ಟು ಎಂದೇ ಕಾಣುವುದು, ಪಾಪ. ಪ್ರತಿ ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದ ಅನ್ನುವುದನ್ನೂ ಹೇಳಿಬಿಡಬೇಕು. ಭಾನುವಾರ ಬಿಟ್ಟರೆ ಆ ಫೋನು ಬಾಯಿ ಬಿಡುತ್ತಿರಲಿಲ್ಲ.

ಆದರೂ ನೋಡಿಯೇ ಒತ್ತೋಣ ಎಂದು ಬುಧವಾರ ದೊಡ್ಡ ಕಾಲೇಜಿಗೆ ಹೋದಳು. ಎಲ್ಲೆಲ್ಲೂ ಗಾಜು. ಟೈ ಕಟ್ಟಿದ ಒಬ್ಬ ಮಹಾಶಯ ಕೋಣೆ ಕೋಣೆ ತೋರಿಸಿದ. ಒಂದು ಕಡೆ ರಬ್ಬರಿನ ಬೊಂಬೆಗಳು ಸಾಲಾಗಿ ಮಲಗಿದ್ದವು. ಸರಿಯಾದ ಜಾಗ ಒತ್ತಿದರೆ ಹಸಿರು ದೀಪ, ತಪ್ಪಿದರೆ ಕೆಂಪು.

"ಮೂರನೇ ವರ್ಷದ ತನಕ ಇಲ್ಲಿ ಯಾರೂ ಯಾರನ್ನೂ ಮುಟ್ಟೋದೇ ಬೇಕಾಗಿಲ್ಲ. ಎಲ್ಲಾ ಇವುಗಳ ಮೇಲೇನೇ" ಎಂದು ಹೆಮ್ಮೆಯಿಂದ ಹೇಳಿದ. ಅಬ್ಬಾ, ಎಷ್ಟು ಚೊಕ್ಕ ಎಂದು ಹತ್ತಕ್ಕನಿಗೂ ಅನಿಸಿತು. ಎಂಬತ್ತೇಳು ಸರಿಯಾಗಿಯೇ ಇದೆ ಎಂದುಕೊಂಡು ಮನೆಗೆ ಬಂದಳು.

ಶುಕ್ರವಾರ ಹಳೆಯ ಕಾಲೇಜಿಗೆ ಹೋಗಿದ್ದು ಬರೀ ಮನಸ್ಸಿನ ಸಮಾಧಾನಕ್ಕೆ. ಸುಣ್ಣ ಉದುರಿದ ಗೋಡೆ, ಕಿರುಗುಟ್ಟುವ ಮೆಟ್ಟಿಲು. ಉದ್ದನೆಯ ಒಂದು ಹಾಲಿನಲ್ಲಿ ಹತ್ತು ಮಂಚ ಸಾಲಾಗಿದ್ದವು. ಮಂಚಕ್ಕೊಬ್ಬರು ರೋಗಿಯಂತೆ ಮಲಗಿದ್ದರು, ಪಕ್ಕದಲ್ಲಿ ನಿಂತವರು ಮಲಗಿದವರ ಬೆನ್ನಿನಲ್ಲಿ ಮೂಳೆ ಹುಡುಕುತ್ತಿದ್ದರು. ಇಲ್ಲಿ ಬೊಂಬೆಗಳಿಲ್ಲ. ಒಬ್ಬರ ಮೇಲೊಬ್ಬರು ಕಲಿಯಬೇಕು, ಆಮೇಲೆ ಅದಲುಬದಲು. ಹಾಲಿನ ತುಂಬ ಗಲಾಟೆ, ಕಚಗುಳಿ, ನಗು. ಕೊನೆಯ ಮಂಚ ಮಾತ್ರ ಖಾಲಿ, ಅದರ ಪಕ್ಕ ಕನ್ನಡಕದ ಹುಡುಗಿಯೊಬ್ಬಳು ಸುಮ್ಮನೆ ಕೈಕಟ್ಟಿ ನಿಂತಿದ್ದಳು.

ತೋಳು ಮಡಚಿದ್ದ ದಪ್ಪನೆಯ ಟೀಚರಮ್ಮ ಹತ್ತಕ್ಕನತ್ತ ತಿರುಗಿದರು. "ಕಾಲೇಜು ನೋಡೋಕೆ ಬಂದವಳಾ? ಗೋಡೆಗೆ ಆನಿಕೊಂಡು ನಿಂತ್ರೆ ಏನಮ್ಮಾ ಗೊತ್ತಾಗುತ್ತೆ? ಇವಳ ಜೋಡಿ ಇವತ್ತು ರಜಾ. ಬಾ, ಬೋರಲು ಮಲ್ಕೋ."

ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮಲಗಿ ಆಗಿತ್ತು. ಮುಖ ಇಡಲು ಮಂಚದಲ್ಲೊಂದು ತೂತು. ಅದರೊಳಗಿಂದ ಕಂಡದ್ದು ಸಿಮೆಂಟಿನ ನೆಲ ಮತ್ತು ಹುಡುಗಿಯ ಚಪ್ಪಲಿ. "ಕೈ ಇಡ್ತೀನಿ ಅಕ್ಕಾ" ಎಂದಿತು ಮೇಲಿನ ದನಿ. ಎಡ ಹೆಗಲಿನ ಹಿಂದೆ ಒಂದು ಕೈ ಬಂದು ಕೂತಿತು. ಬೆಚ್ಚಗಿತ್ತು, ಅಂಜಿಕೆಗೆ ಸ್ವಲ್ಪ ಬೆವರಿತ್ತು. ಮೂಳೆಯ ಅಂಚು ಹುಡುಕುತ್ತಾ ಮೆಲ್ಲಗೆ ಸರಿಯಿತು.

ಹತ್ತಕ್ಕನಿಗೆ ಅಳು ಒತ್ತರಿಸಿ ಬಂತು. ಇದೇನಿದು ಗ್ರಹಚಾರ ಎಂದು ಹಲ್ಲು ಕಚ್ಚಿದಳು. ಆಗಲಿಲ್ಲ. ಆ ತೂತಿನಿಂದ ಕಣ್ಣೀರು ಟಪಟಪನೆ ನೆಲಕ್ಕೆ, ಹುಡುಗಿಯ ಚಪ್ಪಲಿಯ ಮೇಲೆ ಬಿತ್ತು.

"ಅಯ್ಯೋ ಮೇಡಂ, ನೋವು ಮಾಡ್ಬಿಟ್ಟೆ!"

"ಕೈ ತೆಗೀಬೇಡ" ಎಂದರು ಟೀಚರಮ್ಮ. "ನೋವಲ್ಲ ಅದು. ಅತ್ಕೊಳ್ಳಲಿ. ನೀನು ಕೈ ಅಲ್ಲೇ ಇಟ್ಟಿರು."

ಹುಡುಗಿ ಇಟ್ಟೇ ಇದ್ದಳು. ಅಮ್ಮ ಹೋದ ದಿನ ಅತ್ತಿಗೆ ಒಮ್ಮೆ ತಬ್ಬಿಕೊಂಡಿದ್ದೇ ಕೊನೆ, ಅಲ್ಲಿಂದೀಚೆಗೆ ಹತ್ತಕ್ಕನನ್ನು ಒಬ್ಬರೂ ಮುಟ್ಟಿರಲಿಲ್ಲ. ಬಸ್ಸಿನ ನೂಕುನುಗ್ಗಲನ್ನು ಮುಟ್ಟುವುದು ಎನ್ನುತ್ತಾರೆಯೇ? ಒಂಟಿತನವೆಂದರೆ ಮನೆಯಲ್ಲಿ ಮಾತಿಲ್ಲದಿರುವುದು ಎಂದು ತಿಳಿದು ಹಗಲೂ ಇರುಳೂ ರೇಡಿಯೋ ಹಾಕಿಡುತ್ತಿದ್ದಳು. ಮೈಗೂ ಒಂಟಿಯಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗೆ ಮಲಗಿದ್ದಾಗಲೇ ಟೈಲರ್ ತಾತ ನೆನಪಾದದ್ದು. ಹೆಗಲು ಹಿಡಿದುಕೊಂಡಿದೆ ಎಂದು ಆಸ್ಪತ್ರೆಗೆ ಬರುತ್ತಿದ್ದ ಮುದುಕ. ಗೋಡೆಯ ಮೇಲೊಂದು ಕೆಂಪು ಗೆರೆ ಇತ್ತು, ಕೈ ಅಲ್ಲಿಗೆ ಮುಟ್ಟಿದರೆ ಗುಣವಾಯಿತೆಂದು ರೋಗಿಯ ಕಾರ್ಡು ಮುಚ್ಚುವುದು ಅಲ್ಲಿನ ಪದ್ಧತಿ. ತಾತನ ಕೈ ತಿಂಗಳುಗಟ್ಟಲೆ ಗೆರೆಗಿಂತ ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು. ಒಂದು ದಿನ ಆತ ಬಾಗಿಲ ಮೇಲಿನ ಮೊಳೆಯಿಂದ ತನ್ನ ಕೊಡೆಯನ್ನು ಸಲೀಸಾಗಿ ಇಳಿಸಿಕೊಂಡದ್ದನ್ನು ಹತ್ತಕ್ಕ ಕಂಡಳು. ಆ ಮೊಳೆ ಗೆರೆಗಿಂತ ಎಷ್ಟೋ ಎತ್ತರದಲ್ಲಿತ್ತು. ಭಲೇ ಕಳ್ಳ ಎಂದು ನಗುನಗುತ್ತಾ ಡಾಕ್ಟರಮ್ಮನಿಗೆ ಹೇಳಿದಳು. ಕಾರ್ಡು ಅಂದೇ ಮುಚ್ಚಿತು.

"ಇನ್ನೂ ಒಂಚೂರು ನೋವಿದೆ ಹತ್ತಕ್ಕ" ಎಂದಿದ್ದ ತಾತ.

"ನಾಟಕ ಸಾಕು, ಮನೆಗೆ ಹೋಗಿ ತಾತ" ಎಂದಿದ್ದಳು ಇವಳು.

ಎಂಥ ಪಾಪಿ ನಾನು ಎಂದು ಮಂಚದ ಮೇಲೆಯೇ ಇನ್ನೊಂದು ಸುತ್ತು ಅತ್ತಳು. ಆರು ವರ್ಷ ಆ ಕೋಣೆಯಲ್ಲಿ ನಿಂತು ಎಷ್ಟು ಜನ ಅತ್ತದ್ದನ್ನು ನೋಡಿದ್ದಳೋ! ಎಲ್ಲರಿಗೂ ನೋವೆಂದೇ ತಿಳಿದು, ಸ್ವಲ್ಪ ತಡ್ಕೊಳ್ಳಿ ಎಂದು ಏಳು, ಎಂಟು, ಒಂಬತ್ತು ಎಂದಿದ್ದಳು. ಆ ತಾತ ಯಾಕೆ ಬರುತ್ತಿದ್ದನೆಂದು ಅವಳಿಗೆ ಈಗ ಗೊತ್ತಾಯಿತು.

ಎದ್ದು ಮುಖ ತೊಳೆದು ಹೊರಡುವಾಗ ನಾಚಿಕೆ ಬಿಟ್ಟು ಕೇಳಿದಳು. "ಮೇಡಂ, ಈ ಕ್ಲಾಸು ವಾರಕ್ಕೆ ಎಷ್ಟು ಸಲ ಇರುತ್ತೆ?"

"ಇದಾ? ದಿನಾ. ನಾಲ್ಕೂ ವರ್ಷ. ಸಾಕಪ್ಪಾ ಸಾಕು ಅನ್ಸೋವಷ್ಟು."

ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಹಳೆಯ ಕಾಲೇಜಿನ ಹೆಸರಿನ ಮೇಲೆ ಒತ್ತಿದಳು. ಮನೆಗೆ ಬಂದು ಅಣ್ಣನಿಗೆ ತಾನೇ ಫೋನು ಮಾಡಿದಳು.

ಅಣ್ಣನ ಪಿತ್ತ ನೆತ್ತಿಗೇರಿತು. "ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಐವತ್ತೆರಡು ಕಣೇ ಅದಕ್ಕೆ! ಏನಿದೆ ಅಂತ ಅಲ್ಲಿಗೆ ಹೋಗ್ತೀಯಾ?"

ಏನಾದರೊಂದು ಸುಳ್ಳು ಹೇಳಬಹುದಿತ್ತು. ಅಲ್ಲಿನ ಪಾಠ ಚೆನ್ನ ಎಂದರೆ ಅಂಕ ತಿದ್ದಿಕೊಂಡು ಸುಮ್ಮನಾಗುತ್ತಿದ್ದ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮ ಹೋದ್ಮೇಲೆ ನನ್ನನ್ನ ಯಾರೂ ಮುಟ್ಟಿಲ್ಲ ಅಣ್ಣಾ. ಅಲ್ಲಿ ಮುಟ್ತಾರೆ."

ಅಣ್ಣನ ಮನೆಯ ಫ್ಯಾನು ತಿರುಗುವ ಸದ್ದು, ಮಕ್ಕಳು ಜಗಳವಾಡುವ ಸದ್ದು, ಅತ್ತಿಗೆ ಅವರನ್ನು ಗದರುವುದು, ಎಲ್ಲ ಕೇಳಿಸಿತು. ಅಣ್ಣ ಎರಡು ಸಲ ಕೆಮ್ಮಿದ.

"ಊಟ ಆಯ್ತಾ?" ಎಂದು ಕೇಳಿದ.

"ಆಯ್ತು ಅಣ್ಣಾ" ಎಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.